ಗೇಣಪ್ಪನ ಜೋಲಿಗೊಂದು ಕೊಂಡಿ

ಗೇಣಪ್ಪ ಅಂತ ಯಾರೂ ಅವನಿಗೆ ಹೆಸರಿಟ್ಟಿರಲಿಲ್ಲ. ಹುಟ್ಟಿದಾಗ ಇಟ್ಟ ಹೆಸರು ಬೇರೆ. ಅದು ಸಂಬಳದ ಚೀಟಿಯಲ್ಲಿ ಇತ್ತು, ಕೊನೆಗೆ ಸಾವಿನ ಸರ್ಟಿಫಿಕೇಟಿನಲ್ಲಿ ಬಂತು. ನಡುವೆ ಯಾರಿಗೂ ಅದರ ಅಗತ್ಯ ಬೀಳಲಿಲ್ಲ.

ಅವನ ಕೆಲಸ ಯಂತ್ರಗಳ ಯಾರ್ಡಿನಲ್ಲಿ. ಕ್ರೇನಿನ ಕೊಕ್ಕೆಗೆ ಸರಕು ಕಟ್ಟುವುದು. ಮೋಟರು, ಬಾಯ್ಲರು, ಪೈಪಿನ ಕಟ್ಟು, ಏನು ಬಂದರೂ ಸರಪಳಿ ಸುತ್ತಿ, ಕೊಂಡಿ ಹಾಕಿ, ಮೇಲೆ ಕೂತ ಡ್ರೈವರಿಗೆ ಕೈ ಎತ್ತಿ ಹೇಳುವುದು: "ಒಂದು ಗೇಣು ಎತ್ತು. ನಿಲ್ಸು." ಸರಕು ನೆಲ ಬಿಟ್ಟು ಒಂದೇ ಗೇಣು ಮೇಲೆ ನಿಲ್ಲಬೇಕು. ಅವನು ಅದರ ಸುತ್ತ ಬರುತ್ತಿದ್ದ. ಬಗ್ಗಿ ನೋಡುತ್ತಿದ್ದ. ಕಿವಿಗೊಟ್ಟು ಕೇಳುತ್ತಿದ್ದ. ಸರಪಳಿ ಕಿರ್ ಅಂದರೆ ಇಳಿಸು. ಸುಮ್ಮನಿದ್ದರೆ ಎತ್ತು. ಯಾರ್ಡಿನಲ್ಲಿ ಎಲ್ಲರೂ ಹೀಗೇ ಮಾಡಬೇಕು ಅಂತ ನಿಯಮವೇ ಇದೆ. ಉಳಿದವರು ಸಾಹೇಬರು ನೋಡುವಾಗ ಮಾಡುತ್ತಿದ್ದರು. ಇವನು ಸಾಹೇಬರು ಬೈಯುವಾಗಲೂ ಮಾಡುತ್ತಿದ್ದ. ಅದಕ್ಕೇ ಗೇಣಪ್ಪ.

ಅವನು ಕಟ್ಟಿದ ಸರಕು ಒಂದೂ ಬೀಳಲಿಲ್ಲ. ಸತ್ತ ಮೇಲೆ ಎಲ್ಲರೂ ಮನೆಗೆ ಬಂದು ಇದನ್ನೇ ಹೇಳಿದರು. ಬದುಕಿದ್ದಾಗ ಆಮೆ ಅಂತ ಬೈದವರು ಸ್ವಲ್ಪ ಜೋರಾಗಿ ಹೇಳಿದರು.

ಯಾರ್ಡಿನ ಬುದ್ಧಿಯನ್ನು ಯಾರ್ಡಿನ ಗೇಟಿನಲ್ಲೇ ಬಿಟ್ಟು ಬಂದಿದ್ದರೆ ಹೆಂಡತಿಗೆ ಇಷ್ಟು ಕಷ್ಟ ಇರುತ್ತಿರಲಿಲ್ಲ. ಅವನು ಬಿಡಲಿಲ್ಲ. ಅವಳನ್ನು ಮದುವೆಯಾಗುತ್ತೇನೆ ಅಂತ ಅವಳ ಅಣ್ಣನಿಗೆ ಹೇಳಿದ. ಹೇಳಿ ಒಂದು ವರ್ಷ ಸುಮ್ಮನಾದ. ಅಣ್ಣ ತಡೆಯಲಾರದೆ ಹೋಗಿ ಕೇಳಿದ.

"ಏನಯ್ಯಾ, ಹೂಂ ಅಂತೀಯೋ ಉಹೂಂ ಅಂತೀಯೋ?"

"ನೋಡ್ತಾ ಇದೀನಿ."

"ಏನು ನೋಡ್ತಾ ಇದೀಯ?"

"ಕಿರ್ ಅನ್ನುತ್ತಾ ಅಂತ."

ಅವಳು ಆಗ ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಚಾದರ ಹಿಂಡುತ್ತಿದ್ದಳು. ಕೈಯಲ್ಲಿ ಬಲ ಇತ್ತು. ಈ ಮಾತು ಅವತ್ತೇ ಕಿವಿಗೆ ಬಿದ್ದಿದ್ದರೆ ಅವನನ್ನೂ ಹಿಂಡಿ ತಂತಿಗೆ ಹಾಕುತ್ತಿದ್ದಳು. ಅಣ್ಣ ಜಾಣ, ಮದುವೆ ಮುಗಿದ ಮೇಲೆ ಹೇಳಿದ.

ಆಮೇಲೆ ಎಲ್ಲವೂ ಹಾಗೇ. ಬಾಡಿಗೆ ಮನೆ ನೋಡಲು ಹೋದರೆ ಬಾಗಿಲು ತೆಗೆಯುತ್ತಿದ್ದ, ಮುಚ್ಚುತ್ತಿದ್ದ, ಕೀಲಿಗೆ ಕಿವಿ ಇಡುತ್ತಿದ್ದ. ಅಷ್ಟರಲ್ಲಿ ಮಾಲೀಕ ಬೇರೆಯವರಿಗೆ ಮಾತು ಕೊಟ್ಟಿರುತ್ತಿದ್ದ. ಮಗಳು ಉಯ್ಯಾಲೆ ಕೇಳಿದಳು. ಸೂರಿನ ತೊಲೆ ತಡೆಯುತ್ತೆ ಅಂತ ಅವನು ಒಪ್ಪುವಷ್ಟರಲ್ಲಿ ಮಗಳಿಗೆ ಕೆಲಸ ಸಿಕ್ಕಿತ್ತು. ಉಯ್ಯಾಲೆಯ ಹಲಗೆ ಇವತ್ತಿಗೂ ಅಡುಗೆಮನೆಯಲ್ಲಿದೆ. ಅದರ ಮೇಲೆ ಈರುಳ್ಳಿ ಬುಟ್ಟಿ ಕೂತಿದೆ. ಮನೆಯಲ್ಲಿ ಅವನು ಪಾಸು ಮಾಡಿದ ಭಾರ ಅದೊಂದೇ.

ಕೆಲಸದಿಂದ ನಿವೃತ್ತನಾದ ದಿನ ಯಾರ್ಡಿನವರು ಉಡುಗೊರೆ ಕೊಟ್ಟರು. ಕ್ಯಾಂಪಿಂಗಿಗೆ ಹೋಗುವವರು ಎರಡು ಮರದ ನಡುವೆ ಕಟ್ಟಿಕೊಂಡು ಮಲಗುತ್ತಾರಲ್ಲ, ಅಂಥ ಜೋಲಿ. ಹಸಿರು ಬಟ್ಟೆ, ಎರಡು ತುದಿಗೂ ಹಗ್ಗದ ಕುಣಿಕೆ, ಎಲ್ಲ ಮಡಿಸಿ ಒಂದು ಚೀಲದಲ್ಲಿ. ಚೀಲದ ಮೇಲೆ ಚಿತ್ರ. ನೀರಿನ ದಡದಲ್ಲಿ ಒಬ್ಬಳು ಹೆಂಗಸು ಟೋಪಿ ಹಾಕಿಕೊಂಡು ಜೋಲಿಯಲ್ಲಿ ಮಲಗಿದ್ದಾಳೆ. ಅವಳ ಮುಖ ನೋಡಿದರೆ ಜನ್ಮದಲ್ಲಿ ಒಂದು ಪಾತ್ರೆ ತೊಳೆದ ಹಾಗೆ ಕಾಣುವುದಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ಕೊಂಡಿಗಳು ಇದರ ಜೊತೆ ಬರುವುದಿಲ್ಲ ಅಂತ ಬರೆದಿತ್ತು. ಜೀವಮಾನವೆಲ್ಲ ಕೊಂಡಿ ಹಾಕಿದವನಿಗೆ ಕೊಂಡಿಯಿಲ್ಲದ ಜೋಲಿ. ಯಾರ್ಡಿನವರ ಬುದ್ಧಿಯೇ ಬುದ್ಧಿ.

ಅವನು ಚಿತ್ರ ನೋಡಿದ. ಹೆಂಡತಿಯನ್ನು ನೋಡಿದ.

"ಕೆರೆ ಹತ್ರ ಹೋಗೋಣ. ನೀನು ಮಲಕ್ಕೋ. ಟೀ ನಾನು ಮಾಡ್ತೀನಿ."

ಅವನು ಟೀ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಒಲೆ ಹಚ್ಚುವುದು ಎಡಕ್ಕೋ ಬಲಕ್ಕೋ ಅಂತ ಅವನಿಗೆ ಗೊತ್ತಿದೆ ಅನ್ನುವುದಕ್ಕೂ ಸಾಕ್ಷಿ ಇರಲಿಲ್ಲ. ಆದರೂ ಅವಳು ಒಪ್ಪಿಕೊಂಡಳು. ಒಪ್ಪಿಕೊಂಡದ್ದಷ್ಟೇ ಅಲ್ಲ, ಆಸೆಪಟ್ಟಳು. ಅದು ಅವಳು ಮಾಡಿದ ತಪ್ಪು.

"ಯಾವಾಗ?" ಅಂತ ಕೇಳಿದಳು.

"ಕೊಂಡಿ ಸಿಗಲಿ."

ಮರುದಿನ ಅವಳನ್ನು ಗುಜರಿ ಅಂಗಡಿಗೆ ಕರೆದುಕೊಂಡು ಹೋದ. ಹಳೆ ಕಬ್ಬಿಣ ತೂಗುವ ತಕ್ಕಡಿಯ ಮೇಲೆ ಹತ್ತು ಅಂದ. ಗುಜರಿಯವನ ಮುಂದೆ, ಅವನ ಗಿರಾಕಿಗಳ ಮುಂದೆ ಹತ್ತಿದಳು. ಆಮೇಲೆ ಅವನೂ ಹತ್ತಿ ನಿಂತ. ಅವಳಿಗೆ ಮೈ ಉರಿಯಿತು. ನಾನು ನಿನಗಿಂತ ಹಗುರ ಅಂತ ತೋರಿಸುತ್ತಿದ್ದಾನೆ ಅಂದುಕೊಂಡಳು. ಅಲ್ಲಿಂದ ಮನೆವರೆಗೆ ಮಾತಾಡಲಿಲ್ಲ. ಅವನು ಗಮನಿಸಿದ ಹಾಗೆ ಕಾಣಲಿಲ್ಲ. ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕುತ್ತಿದ್ದ.

ಆಮೇಲೆ ಕೊಂಡಿಯ ಮೆರವಣಿಗೆ ಶುರುವಾಯಿತು. ಮೊದಲು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗಿದ ಕೊಕ್ಕೆ. ಒಂದು ವಾರ ಕೈಯಲ್ಲಿ ತಿರುಗಿಸಿ, "ಬಾಯಿ ತೆರ್ಕೊಂಡಿರೋದನ್ನ ನಂಬೋಕಾಗಲ್ಲ" ಅಂದ. ಅನ್ನುವಾಗ ಹೆಂಡತಿ ಕಡೆ ನೋಡಿದ. ನೋಡಬಾರದಿತ್ತು. ಅವತ್ತು ತಟ್ಟೆಗೆ ಅನ್ನ ಬೀಳುವ ಸದ್ದು ಪಕ್ಕದ ಮನೆಗೂ ಕೇಳಿಸಿತು.

ಆಮೇಲೆ ಎರಕದ ಕೊಕ್ಕೆ. ಅದು ದಪ್ಪ, ಕಪ್ಪು, ನೋಡಲು ಗಟ್ಟಿ. ಅವಳಿಗೆ ಹಿಡಿಸಿತು. ಅವನು ಬೆರಳಿನಿಂದ ತಟ್ಟಿ ಪಕ್ಕಕ್ಕಿಟ್ಟ.

"ಎರಕದ್ದು ಹೇಳದೆ ಕೇಳದೆ ಮುರಿಯುತ್ತೆ. ಒಳ್ಳೆ ಉಕ್ಕು ಹಾಗಲ್ಲ. ಮೊದಲು ಬಗ್ಗುತ್ತೆ. ನನ್ನ ಕೈಲಾಗಲ್ಲ ಅಂತ ಹೇಳುತ್ತೆ. ನಾವು ಇಳಿಸ್ಕೋಬಹುದು."

ಆಮೇಲೆ ಸ್ಪ್ರಿಂಗ್ ಕೊಂಡಿ. ಒತ್ತಿದರೆ ಬಾಯಿ ತೆರೆಯುತ್ತೆ, ಬಿಟ್ಟರೆ ಟಪ್ ಅಂತ ಮುಚ್ಚುತ್ತೆ. ಹಗುರ, ಹೊಳಪು. ಇದಕ್ಕೆ ಬೀಗ ಇಲ್ಲ ಅಂದ. ಬೀಗ ಇರುವ ಕೊಂಡಿ ತಂದ. ಇದರ ಮೇಲೆ ಎಷ್ಟು ಭಾರ ತಡೆಯುತ್ತೆ ಅಂತ ಮುದ್ರೆ ಇಲ್ಲ ಅಂದ. ಕೊನೆಗೆ ಡಿ ಶೆಕಲ್ ಬಂತು. ಇಂಗ್ಲಿಷಿನ ಡಿ ಆಕಾರದ ಉಕ್ಕಿನ ಬಳೆ, ಅಡ್ಡಕ್ಕೆ ತಿರುಪಿನ ಮೊಳೆ. ಅದರಲ್ಲಿ ಮುದ್ರೆಯೂ ಇತ್ತು. ಅವಳು ಮನಸ್ಸಿನಲ್ಲೇ ಸೀರೆ ಮಡಿಸಿಟ್ಟುಕೊಂಡಳು, ಕೆರೆಗೆ ಉಡಲು.

ಅವನು ಮುದ್ರೆ ಓದಿದ. ತುಟಿ ಅಲ್ಲಾಡಿಸಿದ.

"ಸಾಲಲ್ಲ."

"ಸಾಲಲ್ವಾ? ನಾನೇನು ಬಾಯ್ಲರಾ?"

ಅವನು ಮುದ್ರೆಯನ್ನೇ ಮತ್ತೆ ಓದಿದ. ಕಿವಿ ಮಾತ್ರ ಕೆಂಪಾಯಿತು. ಸಿಟ್ಟಿಗೆ ಅಂದುಕೊಂಡಳು. ಡಿ ಶೆಕಲ್ ಕೂಡ ಉಳಿದವುಗಳ ಜೊತೆ ಬಿಸ್ಕತ್ ಡಬ್ಬ ಸೇರಿತು.

ಒಂದು ಬೇಸಿಗೆ ಹೋಯಿತು. ಇನ್ನೊಂದು ಬೇಸಿಗೆಯೂ ಹೋಯಿತು. ಡಬ್ಬ ತುಂಬಿತು. ಜೋಲಿ ಚೀಲದಿಂದ ಹೊರಗೆ ಬರಲಿಲ್ಲ. ಅವಳು ಬಿಚ್ಚಲು ಹೋದರೆ, "ಬಿಸಿಲಿಗೆ ಬಣ್ಣ ಹೋಗುತ್ತೆ" ಅನ್ನುತ್ತಿದ್ದ, ಮನೆಯೊಳಗೂ. ಚಿತ್ರದ ಹೆಂಗಸು ಮಾತ್ರ ಟೋಪಿ ಹಾಕಿಕೊಂಡು ಬೀರುವಿನ ಮೇಲೆ ಆರಾಮಾಗಿ ಮಲಗಿದ್ದಳು.

ಒಂದು ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಗೆ ಹೊರಟ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ. ಮತ್ತೆ ಏಳಲಿಲ್ಲ. ಎಲ್ಲವನ್ನೂ ಒಂದು ಗೇಣು ಎತ್ತಿ ನಿಲ್ಲಿಸಿ ನೋಡಿದವನು ಇದೊಂದನ್ನು ನಿಲ್ಲಿಸಿ ನೋಡಲಿಲ್ಲ. ಸೀದಾ ಹೋದ.

"ಮುಂಚೆ ಏನೂ ಸೂಚನೆ ಇರಲಿಲ್ವಾಮ್ಮಾ?" ಅಂತ ಡಾಕ್ಟರು ಕೇಳಿದರು.

"ಎರಕದ್ದು," ಅಂದಳು ಅವಳು.

ಡಾಕ್ಟರು ಬೇರೆ ಏನೋ ಬರೆದುಕೊಂಡರು.

ಸಾವಿಗೆ ಅವಳು ಅತ್ತಳು. ಅಳುವುದು ಮುಗಿಯುತ್ತೆ. ಮುಗಿಯದ್ದು ಇನ್ನೊಂದು ಇತ್ತು. ಮನೆ ಗುಡಿಸುವಾಗ, ಒಬ್ಬಳಿಗೆ ಅಕ್ಕಿ ಅಳೆಯುವಾಗ ಅದು ಬಂದು ಕಚ್ಚುತ್ತಿತ್ತು. ಅವನಿಗೆ ಹೋಗುವ ಮನಸ್ಸೇ ಇರಲಿಲ್ಲ. ಕೊಂಡಿ ಒಂದು ನೆಪ. ಹೆಂಡತಿಯನ್ನು ಕೆರೆಗೆ ಕರೆದುಕೊಂಡು ಹೋಗಿ, ಮಲಗಿಸಿ, ಟೀ ಮಾಡಿಕೊಡುವುದು ಅವನಿಗೆ ಬೇಡವಾಗಿತ್ತು. ಬೇಡ ಅನ್ನಲು ಧೈರ್ಯ ಇರಲಿಲ್ಲ. ಅದಕ್ಕೇ ಕೊಂಡಿಗಳ ಮೇಲೆ ತಪ್ಪು ಹೊರಿಸಿದ. ಅವು ತಿರುಗಿ ಮಾತಾಡುವುದಿಲ್ಲವಲ್ಲ. ಸತ್ತದ್ದು ಅವನ ಕೈಯಲ್ಲಿರಲಿಲ್ಲ, ಅದನ್ನು ಕ್ಷಮಿಸಬಹುದು. ಕೊಂಡಿ ಅವನ ಕೈಯಲ್ಲೇ ಇತ್ತು.

ಕ್ರೇನ್ ಡ್ರೈವರು ಆಗಾಗ ಬ್ರೆಡ್ಡು ಹಿಡಿದುಕೊಂಡು ಬರುತ್ತಿದ್ದ. ಸಾವಾದ ಮನೆಯವರು ಬ್ರೆಡ್ಡೇ ತಿನ್ನುತ್ತಾರೆ ಅಂತ ಅವನಿಗೆ ಯಾರು ಹೇಳಿದರೋ. ಒಂದು ದಿನ ಬಂದು ಕೂತು, ಗಂಟಲು ಸರಿಮಾಡಿಕೊಂಡ.

"ಅತ್ತಿಗೆ, ಭಾನುವಾರ ಯಾರ್ಡಿನವರೆಲ್ಲ ಕೆರೆ ಹತ್ರ ಹೋಗ್ತಿದೀವಿ. ನೀವೂ ಬನ್ನಿ. ಮನಸ್ಸು ಹಗುರ ಆಗುತ್ತೆ."

"ಹಗುರ ಮಾಡೋಕೆ ಕ್ರೇನ್ ತರ್ತೀಯಾ?"

"ಅಯ್ಯೋ ಅತ್ತಿಗೆ."

"ಒಂದು ಮಾತು ಕೇಳ್ತೀನಿ, ನಿಜ ಹೇಳು. ನಿಮ್ಮಣ್ಣನಿಗೆ ನನ್ನ ಕರ್ಕೊಂಡು ಹೋಗೋ ಮನಸ್ಸಿತ್ತಾ?"

ಡ್ರೈವರು ಬ್ರೆಡ್ಡಿನ ಪೊಟ್ಟಣ ನೋಡಿದ. "ಅಣ್ಣನ ಮನಸ್ಸು ನಂಗೆಲ್ಲಿ ಗೊತ್ತಾಗುತ್ತೆ? ಕೈ ಸನ್ನೆ ಗೊತ್ತು. ಎತ್ತು, ಇಳಿಸು, ನಿಲ್ಸು. ಇಷ್ಟು ವರ್ಷ ಮೂರೇ ಮಾತು."

"ನಿಂಗೆ ಮೂರು ಸಿಕ್ತು. ನಂಗೆ ನಿಲ್ಸು ಒಂದೇ."

ಆದರೂ ಬರುತ್ತೇನೆ ಅಂದಳು. ಜೋಲಿಯನ್ನೂ ತರುತ್ತೇನೆ ಅಂದಳು. ಅವನು ಕರೆದುಕೊಂಡು ಹೋಗದಿದ್ದರೆ ಕೆರೆ ಏನು ಬತ್ತಿ ಹೋಗಿಲ್ಲ.

ವಿಷಯ ಮಗಳಿಗೆ ಗೊತ್ತಾಯಿತು. ಓಡಿ ಬಂದಳು. ಜೋಲಿಯ ಮೇಲೆ ಅವಳಿಗೆ ಮೊದಲಿಂದ ಕಣ್ಣಿತ್ತು. ಮನೆಯಲ್ಲಿ ಹೆಚ್ಚಿನ ಹೊದಿಕೆಗಳನ್ನು ತುಂಬಿ ಮೂಲೆಗೆ ತೂಗುಹಾಕಲು ಚೆನ್ನಾಗಿರುತ್ತೆ ಅಂತ.

"ಅಮ್ಮ, ಈ ವಯಸ್ಸಲ್ಲಿ ಜೋಲಿ ಅಂತೆ, ಮರ ಅಂತೆ. ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ನೋಡ್ಕೊಳ್ಳೋದು?"

"ನೀನು. ಅದಕ್ಕೇ ಒಳ್ಳೆ ಕೊಂಡಿ ಕೊಡಿಸು."

ಮಗಳು ಸೋತು ಕೈಚೀಲದಿಂದ ಎರಡು ಬಣ್ಣದ ಕೊಂಡಿ ತೆಗೆದಳು. ಒಂದು ಕೆಂಪು, ಒಂದು ನೀಲಿ. ಬೀಗದ ಕೈ ಗೊಂಚಲಿಗೆ ಹಾಕುವಂಥದ್ದು. "ಇದೇ ಅಮ್ಮ. ನೋಡೋಕೆ ಅದೇ ತರ ಇದೆ."

ತಾಯಿಗೆ ಓದು ಕಡಿಮೆ. ಕನ್ನಡಕ ಹಾಕಿಕೊಂಡು, ಕೊಂಡಿಯ ಬೆನ್ನಿನ ಮೇಲೆ ಕೊರೆದಿದ್ದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ಭಾರ ಹಾಕಬೇಡಿ.

"ನಿಮ್ಮಪ್ಪ ನನ್ನ ಬಾಯ್ಲರ್ ಅಂದ್ಕೊಂಡಿದ್ರು," ಅಂದಳು. "ನೀನು ಬೀಗದ ಕೈ ಅಂದ್ಕೊಂಡಿದೀಯ. ನಡುವೆ ಮನುಷ್ಯರ ತೂಕ ಅಂತ ಒಂದಿದೆ ಅನ್ನೋದು ಯಾರಿಗೂ ಹೊಳೀಲಿಲ್ಲ."

ಶನಿವಾರ ಬಿಸ್ಕತ್ ಡಬ್ಬ ಎತ್ತಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದಳು. ಗೋಡೆಗೆಲ್ಲ ಮೊಳೆಯ ಪೆಟ್ಟಿಗೆಗಳು, ನಡುವೆ ಹಗ್ಗದ ಸುರುಳಿ, ಎಣ್ಣೆ ಮತ್ತು ರಬ್ಬರಿನ ವಾಸನೆ. ಗಂಡನ ಅಂಗಿಯ ವಾಸನೆಯೇ. ಅದಕ್ಕೆ ಅವಳು ತಯಾರಾಗಿ ಬಂದಿರಲಿಲ್ಲ. ಡಬ್ಬವನ್ನು ಕೌಂಟರಿನ ಮೇಲೆ ಜೋರಾಗಿ ಮಗುಚಿದಳು. ಎರಡು ವರ್ಷದ ಕಬ್ಬಿಣ ಗಲಗಲ ಉರುಳಿತು.

"ಇದರಲ್ಲಿ ನನ್ನ ತಡಿಯೋದು ಯಾವುದಿದೆ ಹೇಳಿ. ನಾಳೆ ಜೋಲಿ ಕಟ್ಟಬೇಕು."

ಅಂಗಡಿಯವನಿಗೆ ಅವಳ ಗುರುತು ಸಿಕ್ಕಿತು. ಸಂತಾಪ ಹೇಳಲು ಬಾಯಿ ತೆರೆದ, ಅವಳ ಮುಖ ನೋಡಿ ಮುಚ್ಚಿದ. ಎಸ್ ಕೊಕ್ಕೆ, ಎರಕದ್ದು, ಮುದ್ರೆ ಇಲ್ಲದ್ದು, ಇವನ್ನೆಲ್ಲ ಪಕ್ಕಕ್ಕೆ ಸರಿಸಿದ. ಡಿ ಶೆಕಲ್ ಎರಡನ್ನು ಮುಂದಿಟ್ಟ.

"ಇದು ಆಗುತ್ತೆ ಅಕ್ಕ. ನಿಮ್ಮನ್ನಲ್ಲ, ನಿಮ್ಮನೆ ಬೀರು ಕಟ್ಟಿದ್ರೂ ತಡಿಯುತ್ತೆ."

"ಮತ್ತೆ ಅವರು ಸಾಲಲ್ಲ ಅಂದ್ರಲ್ಲ?"

"ಅವರ ಲೆಕ್ಕಕ್ಕೆ ಸಾಲ್ತಿರಲಿಲ್ಲ. ತೂಗೋ ಭಾರದ ಐದು ಪಟ್ಟು ತಡೀಬೇಕು ಅಂತ ಅವರ ಯಾರ್ಡಿನ ನಿಯಮ. ಅದೂ ಇಬ್ಬರಿಗೆ."

"ಯಾವ ಇಬ್ಬರಿಗೆ?"

ಅಂಗಡಿಯವನು ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಕೌಂಟರನ್ನೇ ಮತ್ತೆ ಒರೆಸಿದ. "ಅದನ್ನ ನಾನು ಕೇಳೋಕಾಗುತ್ತಾ ಅಕ್ಕ? ಗಂಡ ಹೆಂಡ್ತಿ ಅಂದ್ಕೊಂಡೆ. ಇಬ್ಬರ ತೂಕಾನೂ ಬಾಯಲ್ಲೇ ಇಟ್ಕೊಂಡಿದ್ರು. ಬಂದಾಗೆಲ್ಲ ಅದೇ ಹೇಳೋರು."

ಅವಳಿಗೆ ಗುಜರಿ ಅಂಗಡಿಯ ತಕ್ಕಡಿ ಕಣ್ಣ ಮುಂದೆ ಬಂತು. ಅವಳು ಇಳಿದ ಮೇಲೆ ಅವನು ಹತ್ತಿ ನಿಂತದ್ದು. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ ಕೂಡಿಸಿದ್ದು. ಆಮೇಲೆ ಆ ಕೆಂಪು ಕಿವಿ.

"ಇಬ್ಬರಿಗೆ ತಡೀಬೇಕು, ಆದ್ರೆ ಜೋಲಿ ಕುಣಿಕೆಯೊಳಗೆ ತೂರಬೇಕು ಅಂತ ಹಟ," ಅಂದ ಅಂಗಡಿಯವನು. "ಅಂಥದ್ದು ನನ್ನ ಹತ್ರ ಇರಲಿಲ್ಲ. ಹೇಳಿ ತರಿಸಿದೆ. ಬರೋ ಹೊತ್ತಿಗೆ ಇವರು..." ಅಷ್ಟಕ್ಕೇ ಬಿಟ್ಟ. "ಮನೆಗೆ ಕಳಿಸೋಣ ಅಂದ್ರೆ, ಸಾವಾದ ಮನೆಗೆ ಕೊಂಡಿ ಕಳಿಸೋದು ಹೇಗೆ? ಇಲ್ಲೇ ಇಟ್ಟಿದೀನಿ."

ಒಳಗಿಂದ ಎಣ್ಣೆ ಕಾಗದದ ಪೊಟ್ಟಣ ತಂದು ಬಿಚ್ಚಿದ. ಎರಡು ಉಕ್ಕಿನ ಕೊಂಡಿ. ಅವಳು ಒಂದನ್ನು ಅಂಗೈಯಲ್ಲಿಟ್ಟುಕೊಂಡಳು. ತಣ್ಣಗೆ, ನುಣ್ಣಗೆ, ಭಾರವಾಗಿತ್ತು. ಅವಳಿಗೆ ಕಣ್ಣೀರು ಬರಬೇಕಿತ್ತು. ಬಂದದ್ದು ಸಿಟ್ಟು.

"ಹೇಳೋಕೆ ಬಾಯಿಗೆ ಏನಾಗಿತ್ತು?"

"ನನ್ನನ್ನ ಕೇಳ್ತಿದೀರಾ ಅಕ್ಕ?"

"ನಿಮ್ಮನ್ನಲ್ಲ."

ನಿನ್ನ ಪಕ್ಕ ನಾನೂ ಮಲಗುತ್ತೇನೆ. ಇಷ್ಟೇ ಮಾತು. ಬಾಯ್ಲರಿಗಿಂತ ಭಾರ ಏನಲ್ಲ. ಅದನ್ನೂ ಒಂದು ಗೇಣು ಎತ್ತಿ ಎರಡು ವರ್ಷ ನಿಲ್ಲಿಸಿದ. ಹೇಳಿದ್ದರೆ ಮೊದಲ ಬೇಸಿಗೆಯಲ್ಲೇ ಅವಳು ಕಿತ್ತುಹೋದ ಹಗ್ಗವಾದರೂ ತಂದು ಗಂಟು ಹಾಕುತ್ತಿದ್ದಳು. ಬಿದ್ದರೆ ಇಬ್ಬರೂ ಬೀಳುತ್ತಿದ್ದರು. ಒಂದು ಗೇಣಿನ ಎತ್ತರದಿಂದ ಬಿದ್ದು ಯಾರೂ ಸಾಯುವುದಿಲ್ಲ. ಜನ ಚಪ್ಪಲಿ ಹಾಕಿಕೊಳ್ಳುವಾಗ ಸಾಯುತ್ತಾರೆ.

ಅವಳು ಕೊಂಡಿಯನ್ನು ಕಾಗದದಲ್ಲಿ ಮತ್ತೆ ಸುತ್ತಿ ಅಂಗಡಿಯವನ ಕಡೆ ತಳ್ಳಿದಳು.

"ಇಬ್ಬರು ಇರೋರು ಬಂದ್ರೆ ಕೊಡಿ."

"ಮತ್ತೆ ನಿಮಗೆ?"

"ಅವರು ಸಾಲಲ್ಲ ಅಂದಿದ್ದೇ ನಂಗೀಗ ಸಾಕು."

ಡಿ ಶೆಕಲ್ ಎರಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

"ಕೊಡುವಾಗ ಹೇಳಿ. ಒಂದು ಗೇಣು ಎತ್ತಿ, ನಿಲ್ಲಿಸಿ ನೋಡಿ ಅಂತ ಹೇಳಿ. ಜಾಸ್ತಿ ಹೊತ್ತು ನಿಲ್ಲಿಸ್ಬೇಡಿ ಅಂತಾನೂ ಹೇಳಿ."

ಭಾನುವಾರ ಕೆರೆಯ ದಡದಲ್ಲಿ ಡ್ರೈವರು ಎರಡು ಮರ ಆರಿಸಿದ. ಮರಕ್ಕೆ ಸರಕು ಕಟ್ಟುವ ಪಟ್ಟಿ ಸುತ್ತಿ, ಶೆಕಲ್ ಹಾಕಿ, ಜೋಲಿಯನ್ನು ವೀಣೆಯ ತಂತಿಯ ಹಾಗೆ ಎಳೆದು ಬಿಗಿದ.

"ಸಡಿಲ ಬಿಡು," ಅಂದಳು ಅವಳು. "ಬಿಗಿದಷ್ಟೂ ಕೊಂಡಿ ಮೇಲೆ ಭಾರ ಬೀಳುತ್ತೆ. ಎರಡು ವರ್ಷ ಬೆಳಿಗ್ಗೆ ಸಂಜೆ ಕೇಳಿದೀನಿ ಈ ಪಾಠ. ಬಾಯಿಪಾಠ ಆಗಿದೆ."

ಡ್ರೈವರು ಸಡಿಲ ಬಿಟ್ಟ. ಜೋಲಿ ಹೊಟ್ಟೆ ಬಿಟ್ಟುಕೊಂಡು ಕೆಳಗೆ ಇಳಿಯಿತು. ಅವಳು ಅಂಚು ಹಿಡಿದು ಬಿಡಿಸಿದಳು. ಬಿಡಿಸುತ್ತ ಹೋದ ಹಾಗೆ ಬಟ್ಟೆ ಬರುತ್ತಲೇ ಇತ್ತು. ಎರಡೂ ಕೈ ಚಾಚಿದರೂ ಮುಗಿಯಲಿಲ್ಲ. ಲಾಂಡ್ರಿಯಲ್ಲಿ ತಲೆ ನರೆತವಳು, ಮಡಿಸಿದ ಬಟ್ಟೆ ಮುಟ್ಟಿ ಅಗಲ ಹೇಳುವವಳು. ಜೋಡಿ ಮಂಚದ ಚಾದರದ ಅಗಲ ಅದು. ಬಿಸಿಲಿಗೆ ಬಣ್ಣ ಹೋಗುತ್ತಂತೆ. ಕಳ್ಳ.

ಅವಳು ಅಂಚಿನಲ್ಲಿ ಕೂತಳು. ಪಾದ ನೆಲದ ಮೇಲೇ ಇತ್ತು. ದೂರದಲ್ಲಿ ಮಾತಾಡುತ್ತಿದ್ದ ಯಾರ್ಡಿನ ಗಂಡಸರು ಒಬ್ಬೊಬ್ಬರಾಗಿ ಹತ್ತಿರ ಬಂದು ನಿಂತರು. ಯಾರೂ ಕರೆದಿರಲಿಲ್ಲ. ಭಾರ ನೆಲ ಬಿಡುವ ಕಡೆ ಅವರ ಕಾಲು ತಾನೇ ಬರುತ್ತೆ. ಅವಳು ಪಾದ ಎತ್ತಿದಳು, ಒಂದು ಗೇಣು. ಡ್ರೈವರನ ಕೈ ಅವನಿಗೇ ಗೊತ್ತಿಲ್ಲದೆ ಮೇಲೆ ಹೋಯಿತು. ನಿಲ್ಸು.

ಅವಳು ನಿಲ್ಲಿಸಿದಳು. ಎಲ್ಲರೂ ಕಿವಿಗೊಟ್ಟರು. ನೀರಿನ ಸದ್ದು ಬಿಟ್ಟರೆ ಏನಿಲ್ಲ. ಕೊಂಡಿ ಕಿರ್ ಅನ್ನಲಿಲ್ಲ.

"ಸಾಕು ಇಳಿಸೋ ಕೈಯ," ಅಂದಳು ಅವಳು. "ಇನ್ನೂ ಎಷ್ಟು ಹೊತ್ತು?"

ಕಾಲು ಮೇಲೆ ಎತ್ತಿಕೊಂಡು ಮಲಗಿದಳು. ಪಕ್ಕದ ಖಾಲಿ ಬಟ್ಟೆ ಮಡಚಿ ಬಂದು ಅವಳ ಮೈ ಮೇಲೆ ಬಿತ್ತು. ತೆಗೆಯಲಿಲ್ಲ. ಗಂಡಸರು ಕೆರೆ ನೋಡುವವರ ಹಾಗೆ ಅತ್ತ ತಿರುಗಿದರು. ಬಟ್ಟೆಯೊಳಗೆ ಮುಖ ಕಾಣುತ್ತಿರಲಿಲ್ಲ, ಅಷ್ಟು ಅಗಲದ್ದನ್ನು ಮುಚ್ಚಿಟ್ಟವನಿಗೆ ಅದೊಂದು ಪುಣ್ಯ ಇರಲಿ.

ಸ್ವಲ್ಪ ಹೊತ್ತಾದ ಮೇಲೆ ಡ್ರೈವರು ಟೀ ಮಾಡಿ ಲೋಟ ಹಿಡಿದುಕೊಂಡು ಬಂದ. ಅರ್ಧ ಹೊಗೆ, ಅರ್ಧ ನೀರು, ತಳದಲ್ಲಿ ಕರಗದ ಸಕ್ಕರೆ. ಅವಳು ಒಂದು ಗುಟುಕು ಕುಡಿದಳು.

"ಹೇಗಿದೆ ಅತ್ತಿಗೆ?"

"ನಿಮ್ಮಣ್ಣ ಮಾಡಿದ್ರೂ ಇಷ್ಟೇ ಕೆಟ್ಟದಾಗಿರ್ತಿತ್ತು," ಅಂದಳು. ಪೂರ್ತಿ ಕುಡಿದಳು.